ಡಬ್ಬದ ಮೇಲೆ 120 ಅಂತಿದೆ, ಪಾಪು 60ಕ್ಕೇ ಬಾಯಿ ಮುಚ್ಕೊಳ್ತಾಳೆ. ಎಷ್ಟು ಕುಡಿಸ್ಬೇಕು?

ಪುಟ್ಟಿಅಮ್ಮ, ರಾತ್ರಿ 9:40
ಎಲ್ರಿಗೂ ನಮಸ್ಕಾರ. ಮೊದಲನೇ ಮಗು, ಹೆಣ್ಣು, ಇವತ್ತಿಗೆ 7 ವಾರ. ಬಾಣಂತನಕ್ಕೆ ಹಾಸನದಲ್ಲಿ ತವರುಮನೇಲಿದೀನಿ. ಸಿಸೇರಿಯನ್ ಆದ್ಮೇಲೆ ನಂಗೆ ಹಾಲು ಸರಿಯಾಗಿ ಬರ್ಲೇ ಇಲ್ಲ, ರಾತ್ರಿ ಎರಡ್ಮೂರು ಸಲ ನಾನೇ ಕುಡಿಸ್ತೀನಿ, ಮಿಕ್ಕಿದ್ದೆಲ್ಲ ಪುಡಿ ಹಾಲು. ಡಾಕ್ಟ್ರು ಹೇಳಿದ್ಮೇಲೇ ಶುರು ಮಾಡಿದ್ದು, ದಯವಿಟ್ಟು ಎದೆಹಾಲೇ ಕೊಡಿ ಅಂತ ಪಾಠ ಬೇಡ, ಅದನ್ನ ದಿನಾ ಕೇಳಿ ಕೇಳಿ ಸಾಕಾಗಿದೆ.

ವಿಷಯ ಏನಂದ್ರೆ ಡಬ್ಬದ ಪಕ್ಕದಲ್ಲಿರೋ ಪಟ್ಟಿಯಲ್ಲಿ ಅವಳ ವಯಸ್ಸಿಗೆ 120 ಎಂಎಲ್ ಅಂತಿದೆ. ಹೋದ ವಾರ ಎಲ್ಲ 80, 90 ಕುಡೀತಿದ್ಲು. ಈಗ ಮೂರು ದಿನದಿಂದ 60 ಆಗ್ತಿದ್ದ ಹಾಗೆ ನಾಲಿಗೇಲಿ ನಿಪ್ಪಲ್ ತಳ್ಳಿ ಮುಖ ತಿರುಗಿಸ್ತಾಳೆ. ಅತ್ತೆ ದಿನಾ ವಿಡಿಯೋ ಕಾಲ್ ಮಾಡಿ ಎಷ್ಟು ಕುಡಿದ್ಲು ಅಂತ ಲೆಕ್ಕ ಕೇಳ್ತಾರೆ, 120 ಅಂತ ಬರೆದಿದ್ರೆ 120 ಕುಡೀಲೇಬೇಕು ಅಂತಾರೆ. ಇವತ್ತು ಮಲಗಿದ್ದಾಗ ಬಾಯಿಗೆ ಹಿಡಿದು 100 ವರೆಗೂ ಕುಡಿಸಿದ್ವಿ, ಐದೇ ನಿಮಿಷಕ್ಕೆ ಪೂರ್ತಿ ಕಕ್ಕಿದ್ಲು, ಅಮ್ಮನ ಸೀರೆ, ಹಾಸಿಗೆ ಎಲ್ಲ ಹಾಳು. ದೃಷ್ಟಿ ತೆಗೆದಿದ್ದೂ ಆಯ್ತು. ನಿಜವಾಗ್ಲೂ ಎಷ್ಟು ಕುಡಿಸ್ಬೇಕು ಯಾರಾದ್ರೂ ಹೇಳ್ತೀರಾ?

ಅವಳಿಜವಳಿ, 9:52
ಆ ಪಟ್ಟಿ ನೋಡೋದು ಬಿಟ್ಬಿಡಿ ಮೊದ್ಲು. ನಂಗೆ ಅವಳಿ, ಒಂದೇ ದಿನ ಹುಟ್ಟಿದ್ದು ಒಂದೇ ಡಬ್ಬದ ಹಾಲು, ಒಬ್ಬ 110 ಕುಡಿದು ಇನ್ನೂ ಬೇಕು ಅಂತ ಕಿರುಚೋನು ಇನ್ನೊಬ್ಬ 70ಕ್ಕೆ ನಿದ್ದೆ. ಪಟ್ಟೀಲಿ ಇಬ್ರಿಗೂ ಒಂದೇ ನಂಬರ್. ಈಗ ಇಬ್ರಿಗೂ ಮೂರು ವರ್ಷ, ಯಾರು ಯಾವನು ಅಂತ ಪಕ್ಕದ ಮನೆಯವ್ರಿಗೆ ಈಗ್ಲೂ ಗೊತ್ತಾಗಲ್ಲ.

ನಿವೃತ್ತ ನರ್ಸಕ್ಕ, 10:05
ಪುಟ್ಟಿಅಮ್ಮ, ನಾನು ಮಕ್ಕಳ ವಾರ್ಡಲ್ಲಿ ತುಂಬಾ ವರ್ಷ ಕೆಲಸ ಮಾಡಿದೋಳು. ನಾವು ವಾರ್ಡಲ್ಲಿ ವಯಸ್ಸು ನೋಡಿ ಹಾಲು ಅಳೀತಿರ್ಲಿಲ್ಲಮ್ಮ, ತೂಕ ನೋಡಿ ಅಳೀತಿದ್ವಿ. ದಿನ ತುಂಬಿ ಹುಟ್ಟಿ ಆರೋಗ್ಯವಾಗಿರೋ ಮಗುಗೆ ಮೊದಲ ವಾರ ಕಳೆದ್ಮೇಲೆ ಒಂದು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 150 ಎಂಎಲ್. ಕೆಲವಕ್ಕೆ 180, 200 ವರೆಗೂ ಬೇಕಾಗುತ್ತೆ, ಕೆಲವು 140ಕ್ಕೇ ಚೆನ್ನಾಗಿ ಬೆಳೀತವೆ. ಇದು 24 ಗಂಟೆಯ ಒಟ್ಟು ಲೆಕ್ಕ, ಒಂದು ಬಾಟಲಿ ಲೆಕ್ಕ ಅಲ್ಲ. 6 ವಾರದ ಇಂಜೆಕ್ಷನ್ ಹಾಕಿಸಿದ ದಿನ ತಾಯಿ ಕಾರ್ಡಲ್ಲಿ ತೂಕ ಬರೆದಿರ್ತಾರಲ್ಲ, ಎಷ್ಟಿದೆ? ಹುಟ್ಟಿದಾಗ ಎಷ್ಟಿತ್ತು? ಉಚ್ಚೆ ದಿನಕ್ಕೆ ಎಷ್ಟು ಸಲ?

ಅವಧಿಗೆ ಮುಂಚೆ ಹುಟ್ಟಿದ ಮಗು ಆದ್ರೆ ಈ ಲೆಕ್ಕ ತಗೋಬೇಡಿ, ಅದನ್ನ ಡಾಕ್ಟ್ರೇ ಹೇಳ್ಬೇಕು.

ಪುಟ್ಟಿಅಮ್ಮ, 10:11
ದಿನ ತುಂಬಿಯೇ ಹುಟ್ಟಿದ್ದು ಅಕ್ಕ. ಆಗ 2.7, 6 ವಾರಕ್ಕೆ 3.9. ಉಚ್ಚೆ... ಲೆಕ್ಕ ಇಟ್ಟಿಲ್ಲ, ಸ್ವಲ್ಪ ಕಮ್ಮಿ ಅನ್ಸುತ್ತೆ ಈಗೀಗ.

ನಿವೃತ್ತ ನರ್ಸಕ್ಕ, 10:19
6 ವಾರಕ್ಕೆ 1200 ಗ್ರಾಂ, ಅಂದ್ರೆ ದಿನಕ್ಕೆ 28 ಗ್ರಾಂ ಲೆಕ್ಕ. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದ್ರೆ ಸಾಕು, ನಿಮ್ಮ ಮಗು ಚೆನ್ನಾಗೇ ಬೆಳೆದಿದೆ. 3.9ಕ್ಕೆ 150 ಅಂದ್ರೆ 585. ಏಳೆಂಟು ಸಲ ಕುಡಿದ್ರೆ ಸಲಕ್ಕೆ 75, 80 ಬರುತ್ತೆ, ಅದ್ರಲ್ಲೂ ರಾತ್ರಿ ನೀವು ಕೊಡೋ ಹಾಲು ಇದರೊಳಗೇ ಸೇರ್ಬೇಕು. ಹಾಗಾಗಿ 120 ಯಾಕೆ ಕುಡೀಬೇಕು ಪಾಪ ಅದು? ಹೋದ ವಾರದ 80, 90 ಸರಿಯಾಗೇ ಇತ್ತು. ಆದ್ರೆ ಇದ್ದಕ್ಕಿದ್ದ ಹಾಗೆ 60ಕ್ಕೆ ಇಳಿದಿದ್ದು, ಉಚ್ಚೆ ಕಮ್ಮಿ ಅಂದಿದ್ದು ನಂಗೆ ಇಷ್ಟ ಆಗ್ಲಿಲ್ಲ. ಜ್ವರ ಇದೆಯಾ? ಕಕ್ಕ ಹೇಗೆ ಮಾಡ್ತಿದೆ?

ಹುಬ್ಬಳ್ಳಿ ಹುಡುಗಿ, 10:24
ನಮ್ಮನಿಯಾಗೂ ಇದ ಹಾಡ ಇತ್ರಿ. ನಮ್ಮತ್ತಿ ಬಾಟ್ಲಿ ಖಾಲಿ ಆಗೂತನಕ ಬಿಡ್ತಿದ್ದಿಲ್ಲ, ತಳದಾಗ 10 ಎಂಎಲ್ ಉಳದ್ರೂ ಅದನ್ನ ಗಲ್ಲಾ ಒತ್ತಿ ಕುಡಸಾಕಿ. ಆಮ್ಯಾಲ ಕೂಸು ಬಾಟ್ಲಿ ನೋಡಿದ್ರ ಸಾಕು ಅಳಾಕ್ ಶುರು ಮಾಡ್ತು. ಕೂಸಿಗೆ ಹಸಿವಾದ್ರ ಅದಕ್ಕ ಗೊತ್ತಾಕೈತ್ರಿ, ಕೈ ಬಾಯಾಗ ಇಟ್ಕೊತೈತಿ, ಬಾಯಿ ತೆರದು ಆಕಡೆ ಈಕಡೆ ಹುಡಕ್ತೈತಿ, ತುಟಿ ಚಪ್ಪರಸ್ತೈತಿ. ಅಳೂದು ಕಡೀಗೆ. ಅತ್ತ ಮ್ಯಾಲೆ ಕುಡಸಾಕ್ ಹೋದ್ರ ಗಾಳಿ ನುಂಗಿ ಮತ್ತ ಕಕ್ಕತೈತಿ.

ಕುಡ್ಲದ ಅಮ್ಮ, 10:31
ಹೊಟ್ಟೆ ತುಂಬಿದ್ದು ಗೊತ್ತಾಗ್ಲಿಕ್ಕೂ ಗುರ್ತ ಉಂಟು. ಹಸಿದಿರುವಾಗ ಮುಷ್ಟಿ ಗಟ್ಟಿ ಹಿಡ್ದಿರ್ತದೆ, ತುಂಬಿದ ಮೇಲೆ ಬೆರಳೆಲ್ಲ ಬಿಡಿಸಿ ಕೈ ಸಡಿಲ ಬಿಡ್ತದೆ. ನನ್ನ ಮಗನ ಕೈಯನ್ನೇ ನೋಡ್ತಾ ಕೂತ್ಕೊಳ್ತಿದ್ದೆ ನಾನು, ಬಾಟ್ಲಿಯ ಗೆರೆ ನೋಡ್ತಿರ್ಲಿಲ್ಲ.

ಮತ್ತೆ ಬಾಟ್ಲಿ ನೆಟ್ಟಗೆ ತಲೆಕೆಳಗೆ ಹಿಡಿಬೇಡಿ ಮಾರಾಯ್ರೆ. ಮಗುವನ್ನು ಸ್ವಲ್ಪ ಕೂತ ಹಾಗೆ ಹಿಡ್ಕೊಂಡು ಬಾಟ್ಲಿ ಅಡ್ಡಕ್ಕೆ ಹಿಡೀರಿ, ನಡುನಡುವೆ ಬಾಟ್ಲಿ ಇಳಿಸಿ ಉಸಿರು ತಗೊಳ್ಳಿಕ್ಕೆ ಬಿಡಿ. ಇಲ್ಲದಿದ್ರೆ ಹಾಲು ತನ್ನಷ್ಟಕ್ಕೆ ಬಾಯಿಗೆ ಸುರೀತದೆ, ಮಗು ನುಂಗದೆ ಬೇರೆ ದಾರಿ ಇಲ್ಲ, ನಾವು ಹಸಿವು ಅಂತ ತಿಳ್ಕೊಳ್ಳೋದು.

ಪುಟ್ಟಿಅಮ್ಮ, 10:38
ಜ್ವರ ಇಲ್ಲ ಅಕ್ಕ. ಮೋಷನ್ ಎರಡು ದಿನದಿಂದ ಗಟ್ಟಿ, ಮುಕ್ಕಿ ಮುಕ್ಕಿ ಮುಖ ಕೆಂಪಾಗುತ್ತೆ, ಉಂಡೆ ಉಂಡೆ ಬರುತ್ತೆ. ಅಮ್ಮ ಉಷ್ಣ ಆಗಿದೆ ಅಂದ್ರು. ಸುಮ್ಸುಮ್ನೆ ಅಳ್ತಾಳೆ, ಬಾಟ್ಲಿ ಕೊಟ್ರೆ ಆತುರವಾಗಿ ಎರಡು ಗುಟುಕು ಎಳೀತಾಳೆ ಆಮೇಲೆ ಬೇಡ ಅಂತಾಳೆ. ಸ್ವಲ್ಪ ಕಾಯಿಸಿ ಆರಿಸಿದ ನೀರು ಒಳಲೆಯಲ್ಲಿ ಹಾಕ್ಲಾ ಅಂತ ಅಮ್ಮ ಕೇಳ್ತಿದಾರೆ.

ಅವಳಿಜವಳಿ, 10:40
ನೀರು ಬೇಡ!! 6 ತಿಂಗಳವರೆಗೆ ಬರೀ ನೀರು ಕೊಡಲ್ಲ.

ರಾತ್ರಿಪಾಳಿ ಅಪ್ಪ, 10:44
ಅಪ್ಪಂದಿರಿಗೂ ಮಾತಾಡೋಕೆ ಅವಕಾಶ ಇದ್ರೆ ಒಂದು ಪ್ರಶ್ನೆ. ನಮ್ಮನೇಲಿ ರಾತ್ರಿ ಹಾಲು ಕಲಸೋ ಡ್ಯೂಟಿ ನಂದೇ. ನೀವು ಹೇಗೆ ಕಲಸ್ತೀರಾ? ಇಲ್ಲಿ ಎಲ್ರೂ ಎಷ್ಟು ಎಂಎಲ್ ಎಷ್ಟು ಎಂಎಲ್ ಅಂತಿದೀವಿ, ಆ ಎಂಎಲ್ ಒಳಗೆ ಎಷ್ಟು ಪುಡಿ ಇದೆ ಅಂತ ಯಾರೂ ಕೇಳ್ಲೇ ಇಲ್ಲ. ನಾನು ಮೊದಲ ವಾರ ಪುಡಿ ಹಾಕಿ ಆಮೇಲೆ 90ರ ಗೆರೆ ತನಕ ನೀರು ಹಾಕ್ತಿದ್ದೆ, ತಪ್ಪು ಅದು, ನೀರು ಮೊದ್ಲು ಅಳೀಬೇಕು. 90 ನೀರಿಗೆ 3 ಚಮಚ ಹಾಕಿದ್ರೆ ಒಟ್ಟು ಹಾಲು 100ರ ಹತ್ರ ಬರುತ್ತೆ, ಅದು ಬಂದ್ರೇನೇ ಸರಿ. ಇನ್ನೊಂದು, ನಮ್ಮ ಒಂದು ಬಾಟ್ಲಿ ಗೆರೆಗಳೇ ಸುಳ್ಳು. ಅಡುಗೆಮನೆ ತೂಕದ ಮೆಷಿನ್ ಮೇಲೆ ಇಟ್ಟು ನೋಡಿದ್ರೆ 100ರ ಗೆರೆಗೆ ನೀರು 88 ಗ್ರಾಂ ಬಂತು. 100 ಎಂಎಲ್ ನೀರು 100 ಗ್ರಾಂ ತೂಗ್ಬೇಕು ತಾನೆ. ಆ ಬಾಟ್ಲಿ ಕಸಕ್ಕೆ.

ಪುಟ್ಟಿಅಮ್ಮ, 10:53
ನೀರು ಮೊದ್ಲೇ ಅಳೀತೀವಿ. 60 ನೀರಿಗೆ 2 ಚಮಚ, 90ಕ್ಕೆ 3. ಆಸ್ಪತ್ರೇಲಿ ಹೇಳ್ಕೊಟ್ಟಿದ್ದು, 30ಕ್ಕೆ ಒಂದು, ತಲೆ ತಟ್ಟಿ ಸಮ ಮಾಡಿ ಹಾಕಿ ಅಂತ. ಡಬ್ಬ ಹೊಸದು ಆದ್ರೆ ಅದೇ ಥರದ್ದೇ, ನಾಮಕರಣಕ್ಕೆ ಬಂದಾಗ ನಾದಿನಿ ಅಮೆರಿಕದಿಂದ ತಂದಿದ್ದು, ಅಲ್ಲಿಂದು ಕ್ವಾಲಿಟಿ ಚೆನ್ನಾಗಿರುತ್ತೆ ಅಂತ. ಹಳೇದು ಮುಗೀತು ಅಂತ ಅದನ್ನ ಒಡೆದ್ವಿ.

ರಾತ್ರಿಪಾಳಿ ಅಪ್ಪ, 10:54
ಯಾವತ್ತು ಒಡೆದಿದ್ದು?

ಪುಟ್ಟಿಅಮ್ಮ, 10:55
ಭಾನುವಾರ ಸಂಜೆ. ಮೂರು ದಿನ ಆಯ್ತು.

ಜರ್ಸಿ ಕನ್ನಡತಿ, 10:57
ನಿಲ್ಲಿ ನಿಲ್ಲಿ. ನಾನು ನ್ಯೂಜೆರ್ಸಿಲಿರೋದು, ಎರಡು ಮಕ್ಕಳನ್ನ ಇಲ್ಲಿನ ಪುಡೀಲೇ ಸಾಕಿದೀನಿ. ಇಲ್ಲಿನ ಡಬ್ಬಗಳಲ್ಲಿ ಸಾಮಾನ್ಯವಾಗಿ 2 ಔನ್ಸ್ ನೀರಿಗೆ ಒಂದು ಸ್ಕೂಪ್. 2 ಔನ್ಸ್ ಅಂದ್ರೆ 60 ಎಂಎಲ್! ಆ ಸ್ಕೂಪೇ ದೊಡ್ಡದು, ಒಂದಕ್ಕೆ ಎಂಟೂವರೆ ಒಂಬತ್ತು ಗ್ರಾಂ ಪುಡಿ ಹಿಡಿಯುತ್ತೆ, ಊರಿನ ಡಬ್ಬದ ಚಮಚದ ಎರಡರಷ್ಟು. ಈಗ್ಲೇ ಡಬ್ಬ ತಿರುಗಿಸಿ ಓದಿ ಪ್ಲೀಸ್. ಹಳೇ ಡಬ್ಬದ ಚಮಚ ಇದ್ರೆ ಪಕ್ಕದಲ್ಲಿಟ್ಟು ನೋಡಿ.

ಪುಟ್ಟಿಅಮ್ಮ, 11:02
ಅಯ್ಯೋ ದೇವ್ರೇ. 60ಕ್ಕೆ ಒಂದು ಅಂತಲೇ ಇದೆ. ಹಳೇ ಚಮಚ ಇದರೊಳಗೆ ಕೂತ್ಕೊಳ್ಳುತ್ತೆ. ನಾನು ಮೂರು ದಿನದಿಂದ ಡಬಲ್ ಕೊಡ್ತಿದೀನಾ??

ನಿವೃತ್ತ ನರ್ಸಕ್ಕ, 11:04
ಗಾಬರಿ ಆಗ್ಬೇಡಿ ಆದ್ರೆ ಈಗ್ಲೇ ಹೊರಡಿ, ಬೆಳಗಾಗ್ಲಿ ಅಂತ ಕಾಯ್ಬೇಡಿ. ಮಕ್ಕಳ ಡಾಕ್ಟ್ರು ಇರೋ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಎರಡೂ ಚಮಚ, ಆ ಡಬ್ಬ ಜೊತೇಲಿ ತಗೊಂಡ್ಹೋಗಿ, ಇಷ್ಟು ನೀರಿಗೆ ಇಷ್ಟು ಹಾಕಿದ್ವಿ ಅಂತ ಮುಚ್ಚಿಡದೆ ಹೇಳಿ. ಪುಡಿ ಜಾಸ್ತಿ ಆದ್ರೆ ಅದರ ಉಪ್ಪು, ಪ್ರೋಟೀನು ಹೊರಗೆ ಹಾಕೋಕೆ ಮಗು ಕಿಡ್ನಿಗೆ ನೀರು ಸಾಲಲ್ಲ, ಮೈಯಲ್ಲಿರೋ ನೀರೇ ಕಮ್ಮಿ ಆಗ್ತಾ ಹೋಗುತ್ತೆ. ಗಟ್ಟಿ ಕಕ್ಕ, ಕಮ್ಮಿ ಉಚ್ಚೆ, ಆತುರದ ಬಾಯಾರಿಕೆ ಎಲ್ಲ ಅದಕ್ಕೇ ಹೊಂದುತ್ತೆ. ನೆತ್ತಿ ಮುಟ್ಟಿ ನೋಡಿ, ಕುಳಿ ಬಿದ್ದಿದೆಯಾ? ಮಂಕಾಗಿದ್ರೆ, ಮೈ ನಡುಗಿಸಿದ್ರೆ ಅದನ್ನೂ ಹೇಳಿ.

ಮುಖ್ಯವಾಗಿ, ನೀರು ಕುಡಿಸಿ ನಾವೇ ಸರಿ ಮಾಡೋಣ ಅಂತ ಹೋಗ್ಬೇಡಿ. ಏರಿದ ಉಪ್ಪು ಸರ್ರನೆ ಇಳಿದ್ರೂ ಅಪಾಯವೇ, ಅದನ್ನ ಡಾಕ್ಟ್ರು ನಿಧಾನಕ್ಕೆ ಇಳಿಸ್ತಾರೆ. ದಾರೀಲಿ ಬೇಕಾದ್ರೆ ನಿಮ್ಮ ಎದೆಹಾಲು ಕೊಡಿ.

ಪುಟ್ಟಿಅಮ್ಮ, 11:06
ಹೊರಟ್ವಿ

ಹುಬ್ಬಳ್ಳಿ ಹುಡುಗಿ, 11:20
ಏನಾತಂತ ಹೇಳ್ರಿ ಅಕ್ಕಾರ. ನನಗ ನಿದ್ದಿ ಬರೂದಿಲ್ಲ ಈಗ.

ಅವಳಿಜವಳಿ, 11:34
ಅವ್ರು ಬರೋ ತನಕ ಇದನ್ನ ಓದ್ತಿರೋ ಬೇರೆಯವ್ರಿಗೆ ಒಂದು ಮಾತು, ಉಲ್ಟಾ ತಪ್ಪೂ ನಡೆಯುತ್ತೆ. ನಮ್ಮ ಬೀದೀಲಿ ಒಂದು ಮನೇಲಿ ಡಬ್ಬ ದುಬಾರಿ ಅಂತ ಅಜ್ಜಿ ಒಂದೊಂದು ಚಮಚ ಕಮ್ಮಿ ಹಾಕ್ತಿದ್ರು, ತಾಯಿಗೆ ಗೊತ್ತೇ ಇಲ್ಲ. ಮಗು ಪೂರ್ತಿ ಬಾಟ್ಲಿ ಗಟಗಟ ಕುಡೀತಿತ್ತು, ಉಚ್ಚೆ ಬೇಕಾದಷ್ಟು, ಎಲ್ರೂ ಖುಷಿ, ಆದ್ರೆ ತೂಕ ಏರ್ಲೇ ಇಲ್ಲ. ಅಂಗನವಾಡಿ ಟೀಚರ್ ತೂಕ ಹಾಕಿದಾಗ ಕಾರ್ಡಿನ ಗೆರೆ ಮಲಗಿಬಿಟ್ಟಿತ್ತು. ನೀರು ಹೆಚ್ಚಾದ್ರೆ ರಕ್ತದಲ್ಲಿ ಉಪ್ಪು ಇಳಿದು ಫಿಟ್ಸ್ ಬರೋದೂ ಇದೆಯಂತೆ.

ನಾನು ಮಾಡ್ತಿದ್ದ ಲೆಕ್ಕ ಹೇಳ್ತೀನಿ. 400 ಗ್ರಾಂ ಡಬ್ಬ ಸರಿಯಾಗಿ ಕಲಸಿದ್ರೆ ಸುಮಾರು 3 ಲೀಟರ್ ಹಾಲಾಗುತ್ತೆ. ದಿನಕ್ಕೆ 600 ಕುಡಿಯೋ ಮಗುಗೆ 5 ದಿನ. ಅದು 8 ದಿನ ಬಂತು ಅಂದ್ರೆ ಯಾರೋ ತೆಳ್ಳಗೆ ಮಾಡ್ತಿದಾರೆ, ಮೂರೇ ದಿನಕ್ಕೆ ಮುಗೀತು ಅಂದ್ರೆ ಗಟ್ಟಿ ಮಾಡ್ತಿದಾರೆ. ಡಬ್ಬದ ಮುಚ್ಚಳದ ಮೇಲೆ ಒಡೆದ ತಾರೀಖು ಬರೆದಿಡ್ತಿದ್ದೆ, ಅಷ್ಟೇ.

ರಾತ್ರಿಪಾಳಿ ಅಪ್ಪ, 11:49
ಈ ಲೆಕ್ಕ ಸೂಪರ್. ಅವಳಿ ಮಕ್ಕಳಿಗೆ ಎರಡೂವರೆ ದಿನಕ್ಕೊಂದು ಡಬ್ಬ ಬೇಕಾಗಿರ್ಬೇಕಲ್ವಾ, ಮನೆ ಮಾರ್ಬೇಕು.

ಅವಳಿಜವಳಿ, 11:51
ಮನೆ ಮಾರ್ಲಿಲ್ಲ, ಬಳೆ ಗಿರವಿ ಇಟ್ಟಿದ್ದೆ 😄 ಬಿಡಿಸ್ಕೊಂಡೆ ಆಮೇಲೆ.

ಹೊಸ ಸದಸ್ಯ 88, ರಾತ್ರಿ 12:15
ಹಾಯ್, ನಂದೂ ಒಂದು ಪ್ರಶ್ನೆ, ಯಾವ ಕಂಪನಿ ಪುಡಿ ಬೆಸ್ಟ್? ನಮ್ಮ ಮಗು ದಪ್ಪ ಆಗ್ಬೇಕು.

ನಿವೃತ್ತ ನರ್ಸಕ್ಕ, 12:22
ಅದನ್ನ ಇಲ್ಲಿ ಕೇಳ್ಬೇಡಿ, ಹೇಳೋದೂ ಇಲ್ಲ. ನಮ್ಮ ದೇಶದಲ್ಲಿ 1992ರಿಂದ ಇದಕ್ಕೊಂದು ಕಾಯ್ದೆ ಇದೆ, 2003ರಲ್ಲಿ ಇನ್ನೂ ಬಿಗಿ ಮಾಡಿದ್ರು, ಪುಡಿ ಹಾಲಿನ ಜಾಹೀರಾತು, ಪುಕ್ಕಟೆ ಸ್ಯಾಂಪಲ್ ಎಲ್ಲ ನಿಷೇಧ. ಅದಕ್ಕೇ ಟೀವೀಲಿ ಎಲ್ಲೂ ಕಾಣ್ಸಲ್ಲ ನೋಡಿ. 6 ತಿಂಗಳೊಳಗಿನ ಮಗುಗೆ 1 ಅಂತ ನಂಬರ್ ಇರೋದು, ಅಷ್ಟು ನೋಡ್ಕೊಳ್ಳಿ, ಮಿಕ್ಕಿದ್ದು ನಿಮ್ಮ ಡಾಕ್ಟ್ರನ್ನ ಕೇಳಿ. ದಪ್ಪ ಮಾಡೋ ಪುಡಿ ಅಂತ ಯಾವುದೂ ಇಲ್ಲಮ್ಮ.

ಪುಟ್ಟಿಅಮ್ಮ, ಬೆಳಗ್ಗೆ 6:10
ಎಲ್ರಿಗೂ... ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಪುಟ್ಟಿ ಹುಷಾರಾಗಿದಾಳೆ, ಈಗ ಮಲಗಿದಾಳೆ. ರಾತ್ರಿ ಹೋದ ಕೂಡ್ಲೇ ರಕ್ತ ತೆಗೆದ್ರು, ಅಷ್ಟು ಸಣ್ಣ ಕೈಗೆ ಸೂಜಿ ಹಾಕೋವಾಗ ನಾನು ಹೊರಗೆ ಬಂದ್ಬಿಟ್ಟೆ, ಅಪ್ಪ ಹಿಡ್ಕೊಂಡಿದ್ರು. ಸೋಡಿಯಂ, ಅಂದ್ರೆ ರಕ್ತದಲ್ಲಿರೋ ಉಪ್ಪು, 148, 145ರ ಒಳಗಿರ್ಬೇಕಂತೆ. ಜಾಸ್ತಿ ಏರಿಲ್ಲ, ನೀವು ರಾತ್ರಿ ಎದೆಹಾಲು ಕೊಡ್ತಿದ್ದಿದ್ದು ಒಳ್ಳೇದಾಯ್ತು ಅಂದ್ರು ಡಾಕ್ಟ್ರು. ಡ್ರಿಪ್ ಹಾಕ್ಲಿಲ್ಲ, ಅವರ ಕಣ್ಣೆದುರಿಗೇ ಸರಿಯಾಗಿ ಕಲಸಿದ ಹಾಲು ಸ್ವಲ್ಪ ಸ್ವಲ್ಪ ಕುಡಿಸಿ ನೋಡ್ತಾ ಇದಾರೆ, ಮಧ್ಯಾಹ್ನ ಇನ್ನೊಂದ್ಸಲ ಟೆಸ್ಟ್. ಬೆಳಗಿನ ಜಾವ 4ಕ್ಕೆ ಉಚ್ಚೆ ಮಾಡಿದ್ಲು, ನರ್ಸು ಡೈಪರ್ ತೂಕ ಹಾಕಿ ಬರ್ಕೊಂಡ್ರು, ನಂಗೆ ಅಳು ಬಂತು ಅದನ್ನ ನೋಡಿ.

ಡಾಕ್ಟ್ರು ಇನ್ನೊಂದು ಮಾತು ಹೇಳಿದ್ರು. ಅವಳು 60ಕ್ಕೆ ನಿಲ್ಲಿಸ್ತಿದ್ದಿದ್ದು ಹಠ ಅಲ್ಲ, ಆ 60ರಲ್ಲೇ 120ರ ಪುಡಿ ಇತ್ತು, ಅವಳಿಗೆ ಸಾಕಾಗ್ತಿತ್ತು ಅಂತ. ನಾವು ಅದರ ಮೇಲೆ ಮಲಗಿದ್ದಾಗ 100 ಕುಡಿಸಿದೀವಿ. ಅವಳು ಕಕ್ಕಿದ್ದೇ ಒಳ್ಳೇದಾಯ್ತು.

ಜರ್ಸಿ ಕನ್ನಡತಿ, 6:18
ಅಬ್ಬಾ. ಸಂಜೆಯಿಂದ ಹತ್ತು ಸಲ ಫೋನ್ ತೆಗೆದು ನೋಡಿದೀನಿ. ನಾದಿನಿಯನ್ನ ಬೈಬೇಡಿ, ಪ್ರೀತಿಗೆ ಹೊತ್ತು ತಂದಿದಾರೆ ಪಾಪ, ನಾನೂ ಹೋದ ಸಲ ನನ್ನ ತಮ್ಮನ ಮಗುಗೆ ಎರಡು ಡಬ್ಬ ತಂದ್ಕೊಟ್ಟಿದ್ದೆ. ಈಗ ನೆನಪಾಗಿ ರಾತ್ರಿನೇ ಫೋನ್ ಹಚ್ಚಿ ಕೇಳ್ದೆ, ಆ ಮಗುಗೆ ಈಗ ಐದು ವರ್ಷ, ಸ್ಕೂಲಿಗೆ ಹೋಗ್ತಾನೆ, ತಮ್ಮ ನಂಗೆ ಹುಚ್ಚು ಅಂದ.

ನಿವೃತ್ತ ನರ್ಸಕ್ಕ, 6:45
ಒಳ್ಳೇದಾಯ್ತಮ್ಮ. ಮನೆಗೆ ಹೋದ್ಮೇಲೆ ಆ ಡಬ್ಬ ಬಳಸೋದಾದ್ರೆ ಬಳಸಿ, ಅದರ ಚಮಚ, ಅದರ ನೀರಿನ ಲೆಕ್ಕ, ಎರಡೂ ಅದರದ್ದೇ. ಒಂದು ಡಬ್ಬದ ಚಮಚ ಇನ್ನೊಂದಕ್ಕೆ ಬೇಡ. ನೀರು ಫಿಲ್ಟರಿಂದಾದ್ರೂ ಕುದಿಸಿ, ಕುದಿಸಿ ಅರ್ಧ ಗಂಟೆಯೊಳಗೆ ಇನ್ನೂ ಬಿಸಿ ಇರೋವಾಗ್ಲೇ ಪುಡಿ ಹಾಕಿ, 70 ಡಿಗ್ರಿಗಿಂತ ಕೆಳಗಿಳೀಬಾರ್ದು, ಪುಡಿ ಒಳಗೂ ಕ್ರಿಮಿ ಇರಬಹುದು, ಆ ಬಿಸಿಗೇ ಅದು ಸಾಯೋದು. ಆಮೇಲೆ ಬಾಟ್ಲಿಯನ್ನ ತಣ್ಣೀರಲ್ಲಿಟ್ಟು ಆರಿಸಿ, ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ ಕೊಡಿ. ಕಲಸಿ ಎರಡು ಗಂಟೆ ಆದ್ಮೇಲೆ ಉಳಿದಿದ್ದು ಚೆಲ್ಲಿ. ಚೆಲ್ಲೋಕೆ ಹೊಟ್ಟೆ ಉರಿಯುತ್ತೆ ಅಂತಲೇ ಅರ್ಧ ಜನ ಬಲವಂತವಾಗಿ ಕುಡಿಸೋದು, ಅದಕ್ಕೆ 60 ಮಾಡಿ ಮೊದ್ಲು, ಇನ್ನೂ ಹುಡುಕಿದ್ರೆ ಮತ್ತೆ 30 ಮಾಡ್ಕೊಡಿ.

ಇನ್ನು ಅತ್ತೆಗೆ ಲೆಕ್ಕ ಬೇಕಂದ್ರೆ ಒದ್ದೆ ಬಟ್ಟೆ ಲೆಕ್ಕ ಹೇಳಿ, ದಿನಕ್ಕೆ ಆರು ಅಥವಾ ಜಾಸ್ತಿ. ತೂಕ ವಾರಕ್ಕೊಂದ್ಸಲ ಸಾಕು, ಒಂದೇ ತಕ್ಕಡೀಲಿ, ಬಟ್ಟೆ ಬಿಚ್ಚಿ. ಒಂದು ದಿನ 450 ಕುಡೀತಾಳೆ, ಇನ್ನೊಂದು ದಿನ 650. ಬೆಳೆಯೋ ಭರಾಟೆ ಬಂದಾಗ ಎರಡು ದಿನ ಕೇಳ್ತಾನೇ ಇರ್ತಾಳೆ. ಮುಂದೆ ದೊಡ್ಡವಳಾದ್ಮೇಲೂ ದಿನಕ್ಕೆ ಒಂದು ಲೀಟರ್ ಹತ್ರ ಬಂತು ಅಂದ್ರೆ ಆಗ ಡಾಕ್ಟ್ರನ್ನ ಕೇಳಿ.

ಕುಡ್ಲದ ಅಮ್ಮ, 7:30
ನಿಮ್ಮನ್ನು ನೀವು ಬೈಕೊಳ್ಬೇಡಿ ಆಯ್ತಾ. ನಿದ್ದೆ ಇಲ್ಲದ ತಲೆಯಲ್ಲಿ ಡಬ್ಬದ ಹಿಂದಿನ ಅಕ್ಷರ ಯಾರು ಓದ್ತಾರೆ.

ಪುಟ್ಟಿಅಮ್ಮ, ಮರುದಿನ ಸಂಜೆ 5:35
ನಿನ್ನೆ ರಾತ್ರಿ ಮನೆಗೆ ಬಂದ್ವಿ. ಎರಡನೇ ಟೆಸ್ಟಲ್ಲಿ 142. ಇವತ್ತು 80, 70, 95, 60, ಮಧ್ಯಾಹ್ನ ಒಂದ್ಸಲ ಬರೀ 40 ಕುಡಿದು ಮಲಗಿದ್ಲು, ಯಾರೂ ಎಬ್ಬಿಸ್ಲಿಲ್ಲ. ಕಕ್ಕ ಮೆತ್ತಗಾಗಿದೆ. ಅತ್ತೆಗೆ ಅಪ್ಪನೇ ಫೋನ್ ಮಾಡಿ ವಿಷಯ ಹೇಳಿದ್ರು, ಅವ್ರು ಒಂದು ನಿಮಿಷ ಸುಮ್ನಿದ್ದು ಆಮೇಲೆ ಇವತ್ತಿನಿಂದ ಎಷ್ಟು ಸಲ ಉಚ್ಚೆ ಮಾಡಿದ್ಲು ಅಂತ ಕೇಳೋಕೆ ಶುರು ಮಾಡಿದಾರೆ 🙏 ನಮ್ಮಮ್ಮ ಅಮೆರಿಕದ ಡಬ್ಬ ಅಟ್ಟಕ್ಕೆ ಹಾಕಿ, ಆ ದೊಡ್ಡ ಚಮಚ ತೊಳೆದು ಕಾಫಿಪುಡಿ ಡಬ್ಬಕ್ಕೆ ಹಾಕ್ಕೊಂಡಿದಾರೆ.

ಹುಬ್ಬಳ್ಳಿ ಹುಡುಗಿ, 5:50
ಕೂಸು ಆರಾಮ ಆತಲ್ಲ, ಸಾಕ್ರಿ. ಡಿಕಾಕ್ಷನ್ ಡಬಲ್ ಆಕೈತಿ ಅಂತ ಹೇಳ್ರಿ ಅಮ್ಮಾರಿಗೆ.

ಹೊಸ ಸದಸ್ಯ 88, ರಾತ್ರಿ 11:58
ಇದೆಲ್ಲ ಓದಿ ಎದ್ದು ಹೋಗಿ ನಮ್ಮ ಡಬ್ಬ ನೋಡ್ದೆ. ಭಾವ ದುಬೈಯಿಂದ ತಂದಿದ್ದು. 30ಕ್ಕೆ ಒಂದು ಅಂತ ಇದೆ, ಹಾಗೇ ಹಾಕ್ತಿದೀವಿ. ಆದ್ರೆ ಒಳಗಿರೋ ಚಮಚ ಹಳೇ ಡಬ್ಬದ್ದು, ಇದರ ಚಮಚ ಎಲ್ಲೋಯ್ತು ಗೊತ್ತಿಲ್ಲ. ಹೆಂಡ್ತಿ ಈಗ ಪುಡಿ ಒಳಗೆ ಕೈ ಹಾಕಿ ಹುಡುಕ್ತಿದಾಳೆ.

ನಿವೃತ್ತ ನರ್ಸಕ್ಕ, 12:03
ಕೈ ಹಾಕ್ಬೇಡಿ ಅನ್ನಿ! ಹೊಸ ಡಬ್ಬ ಒಡೀರಿ.